ಹತ್ತು ದಿನ ಕಾದರೆ ಆಗುವ ನಷ್ಟವೇನು?

ನಾನಿರುವ ವಾಷಿಂಗ್ಟನ್ ರಾಜ್ಯದಲ್ಲಿ 2024ರ ಜನವರಿ 1ರಿಂದ ಬಂದೂಕು ಕೊಳ್ಳುವವರು ಹತ್ತು ಕೆಲಸದ ದಿನ ಕಾಯಲೇಬೇಕು. ಅದಕ್ಕೂ ಮೊದಲು ಅಂಗಡಿಯವರು ಬಂದೂಕು ಕೈಗೆ ಕೊಡುವಂತಿಲ್ಲ. ಸಿಯಾಟಲ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲೂ ಇದಕ್ಕೆ ಸಿಟ್ಟಾದವರಿದ್ದಾರೆ. "ಕಳ್ಳ ಏನು ಅಂಗಡಿಗೆ ಹೋಗಿ ಬಿಲ್ ಹಾಕಿಸಿ ಕೊಳ್ತಾನೇನ್ರೀ? ಕಾಯೋ ಶಿಕ್ಷೆ ಮರ್ಯಾದಸ್ಥರಿಗೆ ಯಾಕೆ?" ಅಂತ ಕೇಳುತ್ತಾರೆ.

ಕಳ್ಳನನ್ನು ಸ್ವಲ್ಪ ಬದಿಗಿಟ್ಟು ಯೋಚಿಸಿ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಬಲಿಯಾದವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಟಿವಿಯಲ್ಲಿ ಇವರ ಸುದ್ದಿ ಬರುವುದಿಲ್ಲ, ಚರ್ಚೆಯಲ್ಲೂ ಇವರು ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಿಸ್ತೂಲು ಕೊಂಡವರ ಬಗ್ಗೆ 1999ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ: ಕೊಂಡ ಮೊದಲ ವಾರದಲ್ಲಿ ಅವರು ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ ಉಳಿದ ಜನರಿಗಿಂತ 57 ಪಟ್ಟು ಹೆಚ್ಚು. ಮೊದಲ ವಾರ! ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲ. ಬಂದೂಕು ಹಿಡಿದವರಿಗೆ ಮಾತ್ರ ಬದುಕುಳಿಯುವ ಅವಕಾಶವೇ ತೀರಾ ಕಮ್ಮಿ.

ನಮ್ಮ ಊರುಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲೇ ಇದ್ದದ್ದಕ್ಕೆ ಒಂದು ಸಂಜೆಯ ಜಗಳ, ಒಂದು ರಾತ್ರಿಯ ಸಾಲದ ಚಿಂತೆ ಸಾವಿನಲ್ಲಿ ಮುಗಿದ ಮನೆಗಳು ಎಷ್ಟಿಲ್ಲ? ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಿಂದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಜನರ ಕಷ್ಟಗಳೇನೂ ಅಷ್ಟು ಇಳಿದಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುತ್ತಿದ್ದ ವಿಷ ಸಿಗದೆ ಹೋಯಿತು.

"ಕಂಪ್ಯೂಟರಿನಲ್ಲಿ ನಿಮಿಷಗಳಲ್ಲೇ ಹಿನ್ನೆಲೆ ತಪಾಸಣೆ ಮುಗಿಯುವಾಗ ಕಾಯುವುದೇಕೆ" ಎಂಬ ವಾದ ಹೊಸದಲ್ಲ. ಬಂದೂಕು ಮಾರಾಟದ ಬಗೆಗಿನ ಬ್ರೇಡಿ ಕಾಯ್ದೆಯಡಿ 1994ರಲ್ಲಿ ದೇಶಕ್ಕೆಲ್ಲ ಬಂದ ಐದು ಕೆಲಸದ ದಿನ ಕಾಯುವ ನಿಯಮ 1998ರಲ್ಲಿ ಹೋದದ್ದೂ ಈ ತಪಾಸಣೆ ಬಂತೆಂದೇ. ಆದರೆ ತಪಾಸಣೆಯಲ್ಲಿ ಸಿಗುವುದು ಹಳೆಯ ದಾಖಲೆ. ಇವತ್ತು ತಲೆಯಲ್ಲಿ ಕುದಿಯುತ್ತಿರುವುದು ಅದರಲ್ಲಿ ಕಾಣುವುದಿಲ್ಲ. 2021ರ ಮಾರ್ಚ್‌ನಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಮತ್ತು ಅದರ ಸುತ್ತಮುತ್ತಲಿನ ಸ್ಪಾಗಳಲ್ಲಿ ಎಂಟು ಜನರನ್ನು ಕೊಂದವನು ಬಂದೂಕು ಕೊಂಡದ್ದು ಅದೇ ದಿನ, ಕಾನೂನುಬದ್ಧವಾಗಿ. ಸತ್ತವರಲ್ಲಿ ಆರು ಮಂದಿ ಏಷ್ಯಾ ಮೂಲದ ಹೆಂಗಸರು. ಜಾರ್ಜಿಯಾದಲ್ಲಿ ಕಾಯುವ ನಿಯಮವೇ ಇಲ್ಲ.

ಎದುರಿನವರ ಒಂದು ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. 2015ರಲ್ಲಿ ನ್ಯೂಜೆರ್ಸಿಯಲ್ಲಿ ಹಳೆಯ ಸಂಗಾತಿಯ ಬೆದರಿಕೆಗೆ ಹೆದರಿ, ಕೋರ್ಟಿನಿಂದ ರಕ್ಷಣಾ ಆದೇಶವನ್ನೂ ತಂದಿದ್ದ ಮಹಿಳೆಯೊಬ್ಬರು ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿ ಕಾಯುತ್ತಿದ್ದರು. ಗಡುವು ದಾಟಿದರೂ ಅದು ಬರಲಿಲ್ಲ. ಅಷ್ಟರಲ್ಲಿ ಅವನು ಮನೆಯ ಮುಂದೆಯೇ ಅವರನ್ನು ಇರಿದು ಕೊಂದ. ಅವರ ಮನೆಯವರಿಗೆ ಯಾವ ಅಂಕಿ-ಅಂಶ ಹೇಳಿ ಸಮಾಧಾನ ಮಾಡುವುದು?

ಹಾಗಂತ ನಿಯಮವನ್ನೇ ಕಿತ್ತುಹಾಕುವುದನ್ನು ನಾನು ಒಪ್ಪುವುದಿಲ್ಲ. ಜೀವಬೆದರಿಕೆ ಇದ್ದವರಿಗೆ ಪೊಲೀಸ್ ಮುಖ್ಯಸ್ಥರು ಕಾಯುವ ಅವಧಿಯನ್ನು ಮನ್ನಾ ಮಾಡಲು ಮಿನ್ನೆಸೋಟದ ಕಾನೂನಿನಲ್ಲಿ ಅವಕಾಶವಿದೆ. ಕಾಯುವ ನಿಯಮವಿರುವ ಎಲ್ಲ ರಾಜ್ಯಗಳಲ್ಲೂ ಅಂಥ ಅವಕಾಶ ಇರಲಿ. ರಕ್ಷಣಾ ಆದೇಶ ಹಿಡಿದು ಬಂದವರ ಅರ್ಜಿಯನ್ನು ಒಂದೇ ದಿನದಲ್ಲಿ ತೀರ್ಮಾನಿಸಬೇಕೆಂದೂ ಬರೆದಿಡಲಿ. ಉಳಿದವರೆಲ್ಲ, ನಾನೂ ಸೇರಿ, ಹತ್ತು ದಿನ ಕಾಯೋಣ.