ಸತ್ಯಾಂಶ: ಅಂತರಗಂಗೆ ಬಿಟ್ಟರೆ ಬಣ್ಣದ ನೀರು ಕುಡಿಯುವ ನೀರಾಗುತ್ತಾ?

ಹಾಸನದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಬಟ್ಟೆಗೆ ಬಣ್ಣ ಹಾಕಿದ ನೀರಿಗೆ ಅಂತರಗಂಗೆ ಬಿಡಿ, ಮೂರೇ ದಿನಕ್ಕೆ ಕುಡಿಯಬಹುದು."

ಇದರಲ್ಲಿ ಅರ್ಧ ನಿಜ ಇದೆ. ಅಂತರಗಂಗೆ ಅಂದರೆ ಇಲ್ಲಿ ಕೆರೆಯ ಮೇಲೆ ತೇಲುವ ನೇರಳೆ ಹೂವಿನ ಗಿಡ (ವಾಟರ್ ಹಯಸಿಂತ್). ಅದನ್ನು ಒಮ್ಮೆ ನೀರಿನಿಂದ ಎತ್ತಿ ನೋಡಿ. ಗರಿಯಂಥ ಕಪ್ಪು ಬೇರಿನ ಗೊಂಚಲು ಕೆಳಗೆ ಜೋತಾಡುತ್ತದೆ. ಬಣ್ಣ ಅಂಟಿಕೊಳ್ಳುವುದು ಆ ಬೇರಿಗೇ. ಬೇರಿನಲ್ಲಿರುವ ಸೂಕ್ಷ್ಮಜೀವಿಗಳೂ ಸ್ವಲ್ಪ ಬಣ್ಣವನ್ನು ಒಡೆಯುತ್ತವೆ. ಹಾಗಾಗಿ ನೀರು ತಿಳಿಯಾಗುವುದು ಸುಳ್ಳಲ್ಲ.

ಆದರೆ ತಿಳಿ ನೀರೆಲ್ಲ ಒಳ್ಳೆ ನೀರಲ್ಲ, ಅಲ್ವಾ? ಬಟ್ಟೆಗೆ ಜಾಸ್ತಿ ಬಳಸುವುದು ಅಜೋ ಎಂಬ ಬಗೆಯ ಕೃತಕ ಬಣ್ಣಗಳನ್ನು. ಗಾಳಿಯಾಡದ ಕಡೆ ಅವು ಒಡೆದರೆ ಆರೊಮ್ಯಾಟಿಕ್ ಅಮೀನ್ ಎಂಬ ರಾಸಾಯನಿಕಗಳು ಉಳಿಯುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಕೆಲವು ಕ್ಯಾನ್ಸರ್ ತರುವಂಥವು. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಲೆಂದು ಸುರಿಯುವ ರಾಶಿ ಉಪ್ಪೂ ನೀರಲ್ಲೇ ಉಳಿಯುತ್ತದೆ. ಉಪ್ಪು ಹೆಚ್ಚಾದರೆ ಗಿಡವೇ ಸಾಯುತ್ತದೆ. ಸತ್ತು ಕೊಳೆತರೆ, ಹಿಡಿದಿಟ್ಟ ಬಣ್ಣ ಮತ್ತೆ ನೀರಿಗೇ ಸೇರುತ್ತದೆ.

ದಯವಿಟ್ಟು ಸುಮ್ನೆ ತಂದು ಊರ ಕೆರೆಗೆ ಬಿಡಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ಬೆಚ್ಚಗಿನ ನೀರಲ್ಲಿ 2 ವಾರಕ್ಕೆ ದುಪ್ಪಟ್ಟಾಗಬಲ್ಲದು. ಕೆರೆ ಪೂರ್ತಿ ಮುಚ್ಚಿಕೊಂಡರೆ ಮೀನಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ. ಅದನ್ನು ಕೀಳುವ ಕಷ್ಟ ಕೆರೆ ದಂಡೆಯವರಿಗೆ ಗೊತ್ತು.

ಕಾರ್ಖಾನೆಯ ಶುದ್ಧೀಕರಣ ಘಟಕ ದಾಟಿದ ನೀರಿಗೆ, ನೀರು ಇಂಗದಂತೆ ತಳ ಕಟ್ಟಿದ ತೊಟ್ಟಿಯಲ್ಲಿ, ಕೊನೆಯ ಹಂತವಾಗಿ ಇಂಥ ಗಿಡ ಬೆಳೆಸಬಹುದು. ಆಗಾಗ ಕೊಯ್ದು ತೆಗೆಯಬೇಕು. ಕೊಯ್ದದ್ದನ್ನು ದನಕ್ಕೆ ಹಾಕಬಾರದು, ತಿಪ್ಪೆಗೂ ಬೇಡ.