ಸ್ಪಷ್ಟನೆ: ಓವರ್‌ಟೈಮ್ ಕೇಳುವುದು ಅವಿಶ್ವಾಸವಲ್ಲ

ಮುಂಬಯಿ, ಪುಣೆಯ ಕನ್ನಡ ಕ್ರೈಸ್ತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಯಾವ ಕೆಲಸವನ್ನೂ ಕರ್ತನಿಗೆಂದೇ ಮಾಡಬೇಕೆಂದು ಬೈಬಲಿನ ಕೊಲೊಸ್ಸೆ 3:23 ಹೇಳುತ್ತದೆ, ವಿಶ್ವಾಸಿಯಾದವನು ಓವರ್‌ಟೈಮ್ ಹಣ ಕೇಳಬಾರದು.’ ಇದು ತಪ್ಪು.

ಆ ವಚನ ಮನಸ್ಸಿಟ್ಟು ದುಡಿಯಲು ಹೇಳುತ್ತದೆ, ಪುಕ್ಕಟೆ ದುಡಿಯಲು ಅಲ್ಲ. ಅಲ್ಲಿಂದ ಮೂರನೇ ವಚನದಲ್ಲೇ, ಅಂದರೆ 4:1ರಲ್ಲಿ, ನ್ಯಾಯವಾದದ್ದನ್ನು ಕೊಡಬೇಕೆಂದು ಯಜಮಾನರಿಗೂ ಅಪ್ಪಣೆಯಿದೆ. ಸಂದೇಶ ಬರೆದವರು ಅಷ್ಟು ದೂರ ಓದಿದಂತಿಲ್ಲ. ಕೂಲಿ ತಡೆಹಿಡಿಯುವವರ ಬಗ್ಗೆ ಯಾಕೋಬ 5:4 ಇನ್ನೂ ಖಾರವಾಗಿದೆ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ಓವರ್‌ಟೈಮಿಗೆ ಮಾಮೂಲಿ ದರದ ಎರಡು ಪಟ್ಟು: ಗಂಟೆಗೆ 120 ರೂಪಾಯಿ ಇದ್ದರೆ 240. ಮ್ಯಾನೇಜರ್ ದರ್ಜೆಯವರಿಗೆ, ಸಣ್ಣ ಅಂಗಡಿಗಳಿಗೆ ಇದು ಅನ್ವಯಿಸದು. ಗೋವಾದ ಕಾಯ್ದೆ ಬೇರೆ.

ಎಡವಟ್ಟಾಗುವುದು ಪಂಚಿಂಗ್‌ ಮಷೀನ್ ಮುಂದೆ. ಶಿಫ್ಟ್ ಮುಗಿಯುತ್ತಲೇ ಕೆಲವರು ಔಟ್ ಪಂಚ್ ಮಾಡಿ, ಮತ್ತೆ ಬಂದು ಸ್ಟಾಕ್ ಎಣಿಸಲು ಕೂರುತ್ತಾರೆ. ಆ ಎರಡು ಗಂಟೆ ದಾಖಲೆಯಲ್ಲೇ ಇರುವುದಿಲ್ಲ. ಕೆಲಸ ಮುಗಿದ ಮೇಲೇ ಪಂಚ್ ಮಾಡಿ. ಉಳಿಯಲು ಹೇಳಿದ್ದನ್ನು ಅಂದೇ ಮೇಲ್ ಅಥವಾ ಮೆಸೇಜಿನಲ್ಲಿ ಬರೆದಿಡಿ, ತಿಂಗಳ ಕೊನೆಗೆ ಪಗಾರದ ಚೀಟಿಯೊಂದಿಗೆ ತಾಳೆ ನೋಡಿ. ಚಹಾ ಕುಡಿಯುತ್ತ ಹರಟಿದ ಅರ್ಧ ಗಂಟೆಯನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ; ಕೊಲೊಸ್ಸೆ 3:22 ಎಚ್ಚರಿಸುವುದು ಯಜಮಾನನ ಕಣ್ಣೆದುರು ಮಾತ್ರ ದುಡಿಯುವವರನ್ನೇ.