ಸಾವಿರ ರೊಟ್ಟಿ, ಸಾವಿರ ಕವಿಲೆ

ಕಳೆದ ಚಳಿಗಾಲದ ಒಂದು ಶನಿವಾರ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರಾಚೀನ ಈಜಿಪ್ಟಿನ ಚಿತ್ರಲಿಪಿ ಕಲಿಸುವ ನನ್ನ ಸಂಜೆ ತರಗತಿಯ ಸಹಪಾಠಿಯೊಬ್ಬರು ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಈಜಿಪ್ಟಿನ ಸ್ಮಾರಕಶಿಲೆಯ ಮುಂದೆ ನಿಂತು, ಅದರ ಮೊದಲ ಸಾಲನ್ನು ಮೊಮ್ಮಗನಿಗೆ ಓದಿ ಹೇಳಿದರು. ಎಪ್ಪತ್ತು ದಾಟಿದವರು, ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಓದಿ ಮುಗಿಸಿ ನನ್ನತ್ತ ತಿರುಗಿ, "ನಿಮ್ಮ ಕಡೆಯೂ ಇಂಥ ಕಲ್ಲುಗಳು ಬಹಳವಂತಲ್ಲ, ಅವುಗಳಲ್ಲಿ ಏನು ಬರೆದಿರುತ್ತಾರೆ?" ಎಂದು ಕೇಳಿದರು. ನಮ್ಮೂರ ಈಶ್ವರನ ಗುಡಿಯ ಪಕ್ಕದ ವೀರಗಲ್ಲಿನ ಚಿತ್ರ ಮೊಬೈಲಿನಲ್ಲಿತ್ತು. ತೋರಿಸಿದೆ. "ಓದಿ" ಎಂದರು. ನನಗೆ ಓದಲು ಬರಲಿಲ್ಲ.

ನಾನು ಬೇಲೂರು ತಾಲ್ಲೂಕಿನವನು. ಹಲ್ಮಿಡಿ ನಮ್ಮೂರಿನಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಹಿಂತಿರುಗುವಷ್ಟು ದೂರ. ಶಾಲೆಯಲ್ಲಿ "ಹಲ್ಮಿಡಿ ಶಾಸನದ ಕಾಲ ______" ಎಂಬ ಬಿಟ್ಟ ಸ್ಥಳಕ್ಕೆ ಕ್ರಿ.ಶ. 450 ಎಂದು ತುಂಬಿ ಒಂದು ಅಂಕ ಪಡೆದವನು. ಆ ಶಾಸನದ ಒಂದೇ ಒಂದು ಸಾಲನ್ನು ಯಾರೂ ನಮ್ಮಿಂದ ಓದಿಸಲಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಬಾಯಿಪಾಠವಿತ್ತು. ಬಂಡೆಯ ಮೇಲೆ ಆ ಅಕ್ಷರಗಳು ಹೇಗಿವೆ ಎಂದು ನೋಡಿದವರಿರಲಿಲ್ಲ. ಶಾಸನಗಳ ಬಗ್ಗೆ ಬೇಕಾದಷ್ಟು ಕಲಿತೆವು, ಶಾಸನ ಓದುವುದನ್ನು ಕಲಿಯಲಿಲ್ಲ.

ಇಲ್ಲಿನ ವಿಶ್ವವಿದ್ಯಾಲಯದ ಆ ಸಂಜೆ ತರಗತಿಯಲ್ಲಿ ಮೊದಲ ಸಂಜೆಯೇ ಕಲ್ಲಿನ ಬರಹದ ನಕಲನ್ನೂ ಪೆನ್ಸಿಲನ್ನೂ ಕೈಗಿತ್ತರು. ಹಕ್ಕಿಗಳ ಮುಖ ಯಾವ ಕಡೆಗಿದೆ ನೋಡಿ, ಆ ಕಡೆಯಿಂದ ಓದಲು ಶುರುಮಾಡಿ ಎಂದರು. ಗೂಬೆ ಬಂದರೆ 'ಮ್', ನೀರಿನ ಅಲೆ 'ನ್', ಬಾಯಿ 'ರ್'. ಮನೆಯ ಚಿತ್ರದ ಕೆಳಗೆ ಒಂದು ಗೀಟಿದ್ದರೆ ಮನೆ. ಅದೇ ಮನೆಯ ಜೊತೆಗೆ ಬಾಯಿಯೂ ನಡೆಯುವ ಎರಡು ಕಾಲುಗಳೂ ಸೇರಿದರೆ ಹೊರಗೆ ಹೋಗುವುದು. ಕಾಲುಗಳಿಗೆ ಉಚ್ಚಾರಣೆಯಿಲ್ಲ, ಅರ್ಥ ತೋರಿಸಿ ಸುಮ್ಮನಾಗುತ್ತವೆ. ಕಾಗುಣಿತ ತಿದ್ದಿ ಬೆಳೆದ ನನಗೆ ಸ್ವರಗಳನ್ನೇ ಬರೆಯದ ಈ ಲಿಪಿ ಮೊದಮೊದಲು ಉಸಿರು ಕಟ್ಟಿಸಿತು. ಆದರೂ ಹತ್ತು ವಾರ ಕಳೆಯುವಷ್ಟರಲ್ಲಿ ನಾವೆಲ್ಲ, ಬಸ್ ಓಡಿಸುವವರು, ಗುಮಾಸ್ತರು, ಆ ದಾದಿ, ಒಂದು ಸಾಲು ಓದುವವರಾಗಿದ್ದೆವು.

ಆ ಸಾಲು "ಹೆತೆಪ್ ದಿ ನೆಸು" ಎಂದು ಶುರುವಾಗುತ್ತದೆ, ಅರಸನು ಕೊಡುವ ನೈವೇದ್ಯ ಎಂದು. ಮುಂದೆ ಸತ್ತವನಿಗಾಗಿ ಸಾವಿರ ರೊಟ್ಟಿ, ಸಾವಿರ ಕೊಡ ಬಿಯರ್, ಎತ್ತು, ಹಕ್ಕಿ, ನಾರುಬಟ್ಟೆ. ಸಾವಿರಕ್ಕೆ ಅವರು ಬರೆಯುತ್ತಿದ್ದುದು ತಾವರೆಯ ಗಿಡವನ್ನು. ಅದನ್ನು ತಿದ್ದುವಾಗಲೆಲ್ಲ ನನಗೆ ನಮ್ಮ ದತ್ತಿಶಾಸನಗಳ ಕೊನೆಯ ಸಾಲು ನೆನಪಾಗುತ್ತಿತ್ತು: ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು, ಎಂದರೆ ಹಸುಗಳನ್ನು, ಕೊಂದ ಪಾಪಕ್ಕೆ ಹೋಗುತ್ತಾನೆ. ಕೆಲವು ಈಜಿಪ್ಟಿನ ಕಲ್ಲುಗಳು ದಾರಿಹೋಕರನ್ನೇ ಕೂಗಿ ಕರೆಯುತ್ತವೆ. ಬದುಕಿರುವವರೇ, ಇದನ್ನು ಬಾಯಿಬಿಟ್ಟು ಓದಿ, ನಿಮಗೆ ಖರ್ಚಾಗುವುದು ಬಾಯಿಯ ಉಸಿರು ಮಾತ್ರ ಎನ್ನುತ್ತವೆ. ಓದಿದರೆ ಸತ್ತವನ ಹೆಸರು ಬದುಕುತ್ತದೆ ಎಂಬುದು ಅವರ ನಂಬಿಕೆ.

ಆ ಲಿಪಿಯಾದರೋ ಸತ್ತೇಹೋಗಿತ್ತು. ಕಾಲ ನಮೂದಾಗಿರುವ ಕೊನೆಯ ಬರಹ ಫಿಲೆ ದ್ವೀಪದ ಗುಡಿಯಲ್ಲಿದೆ, ಕ್ರಿ.ಶ. 394ರದು. ಆಮೇಲೆ 1822ರಲ್ಲಿ ಫ್ರಾನ್ಸಿನ ಶಾಂಪೋಲಿಯಾನ್ ಬಿಡಿಸುವವರೆಗೆ, ಸಾವಿರದ ನಾನೂರು ವರ್ಷ, ಜಗತ್ತಿನಲ್ಲಿ ಅದನ್ನು ಸರಿಯಾಗಿ ಓದಬಲ್ಲವರು ಇರಲಿಲ್ಲ. ನಮ್ಮ ಲಿಪಿ ಒಂದು ದಿನವೂ ಸಾಯಲಿಲ್ಲ. ಕಲ್ಲಿನ ಅಕ್ಷರದಿಂದ ಇಂದಿನ ಪತ್ರಿಕೆಯ ಅಕ್ಷರದವರೆಗೆ ಕೈಯಿಂದ ಕೈಗೆ ದಾಟಿ ಬಂದಿದೆ. ಒಂದು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹೊಯ್ಸಳರ ಕಾಲದ ಅಕ್ಷರಮಾಲೆಯನ್ನು ಕಲಿಸಬಹುದು. ಕಲಿಸುವುದಿಲ್ಲ. ಊರ ಕಲ್ಲಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣ ಬಳಿಯುತ್ತೇವೆ, ಎಣ್ಣೆಬಣ್ಣ ಹಚ್ಚುತ್ತೇವೆ, ಕೆಲವೆಡೆ ಒಗೆಯುವ ಕಲ್ಲಾಗಿಯೂ ಕಂಡಿದ್ದೇನೆ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಊರಿನಲ್ಲಿ ಏನೂ ನಡೆಯುತ್ತಿಲ್ಲವೆಂದರೆ ತಪ್ಪಾದೀತು. ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿ ನಡೆಸುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯಲ್ಲಿ ಶಾಸನಗಳನ್ನು ಹುಡುಕಿ, ಒಂದೊಂದರ ಮೂರು ಆಯಾಮದ ಪ್ರತಿ ತೆಗೆದಿಡುವ ಕೆಲಸ ನಡೆದಿದೆ. ಇಲ್ಲಿ ನಾನು ಕಟ್ಟುವ ಶುಲ್ಕವೂ ಎಲ್ಲರ ಕೈಗೆಟಕುವಂಥದ್ದಲ್ಲ. ಇನ್ನೊಂದು ಮಾತನ್ನೂ ಒಪ್ಪಲೇಬೇಕು: ಆ ಲಿಪಿಯನ್ನು ಬಿಡಿಸಲು ನೆರವಾದ, 1799ರಲ್ಲಿ ಈಜಿಪ್ಟಿನ ನೆಲದಲ್ಲಿ ಸಿಕ್ಕ ರೊಸೆಟ್ಟಾ ಕಲ್ಲು 1802ರಿಂದ ಲಂಡನ್ನಿನಲ್ಲಿದೆ. ಅದನ್ನು ಕಾಣಬೇಕಾದರೆ ಈಜಿಪ್ಟಿನ ಹುಡುಗ ವೀಸಾಕ್ಕೆ ಅರ್ಜಿ ಹಾಕಬೇಕು. ನಮ್ಮೂರ ವೀರಗಲ್ಲು ನಿಲ್ಲಿಸಿದ ಜಾಗದಲ್ಲೇ ನಿಂತಿದೆ. ಓದಲು ಬಾರದಿದ್ದರೂ ಅಮಾವಾಸ್ಯೆಗೊಮ್ಮೆ ಅದಕ್ಕೆ ಕಾಯಿ ಒಡೆಯುವುದನ್ನು ನಮ್ಮವರು ತಪ್ಪಿಸಿಲ್ಲ.

ಯುಗಾದಿಯ ಮುಂಚೆ ಚಿಕ್ಕಪ್ಪನಿಗೆ ಫೋನ್ ಮಾಡಿ, ಕಲ್ಲಿನ ಸ್ಪಷ್ಟವಾದ ಚಿತ್ರ ಬೇಕೆಂದೆ. "ಅದನ್ನು ಓದುವುದು ಏನಿದೆಯೋ, ಅದು ನಮ್ಮ ವೀರಪ್ಪ" ಎಂದರು. ಮರುದಿನ ಬೆಳಿಗ್ಗೆ ತಾವೇ ಹೋಗಿ, ಕುಂಕುಮ ತೊಳೆದು, ಒಣಗಿದ ಮೇಲೆ ಅಕ್ಕಿ ಹಿಟ್ಟನ್ನು ಅಂಗೈಯಿಂದ ಸವರಿ ವೀಡಿಯೊ ಕರೆ ಮಾಡಿದರು. ಕಪ್ಪು ಕಲ್ಲಿನ ಗೆರೆಗಳಲ್ಲಿ ಬಿಳಿ ಅಕ್ಷರಗಳು ಎದ್ದು ನಿಂತಿದ್ದವು. ಮೂರು ತಿಂಗಳಿಂದ ಹಳೆಯ ಅಕ್ಷರಪಟ ಇಟ್ಟುಕೊಂಡು ತಿದ್ದುತ್ತಿದ್ದೆ. "ಸ್ವಸ್ತಿ ಶ್ರೀ" ಎಂದು ಓದಿದೆ. ಅಲ್ಲಿಂದ ಮುಂದೆ ತಡವರಿಸಿದೆ.

ಚಿಕ್ಕಪ್ಪ ಫೋನನ್ನು ಕಲ್ಲಿಗೆ ಇನ್ನಷ್ಟು ಹತ್ತಿರ ಹಿಡಿದರು. "ಆತನ ಹೆಸರೇನಂತೆ? ನಿಧಾನವಾಗಿ ಓದು, ನಾನು ಇಲ್ಲೇ ಇರುತ್ತೇನೆ" ಎಂದರು.